ದಿನಕ್ಕೊಂದು ಹಾಳೆ

ಚಿಟಗುಪ್ಪದ ನಮ್ಮ ಕಾಕಾ ಬೆಳಿಗ್ಗೆ ಆರಕ್ಕೆಲ್ಲ ವಾಟ್ಸ್ಆ್ಯಪಿಗೆ ಒಂದು ವಚನ ಹಾಕುತ್ತಾರೆ. ಹಾಕಿ ಸುಮ್ಮನಿರುವವರಲ್ಲ, ಎಂಟಕ್ಕೆ ಫೋನು: ‘ಇವತ್ತಿಂದು ಓದಿದೇನಪಾ?’ ಅಷ್ಟರಲ್ಲಿ ಹುಮನಾಬಾದಿನ ಸೋದರತ್ತೆಯ ವಚನವೂ ಬಂದಿರುತ್ತದೆ, ಅದು ಬೇರೆಯೇ. ಬಸವಕಲ್ಯಾಣದ ಗೆಳೆಯನದು ಮತ್ತೊಂದು.

ಹೀಗೆ ಬೇರೆಬೇರೆಯಲ್ಲದೆ, ದೂರದೂರದ ಊರಿನವರೂ ದಿನವೂ ಒಂದೇ ಪಾಠ ಓದುವುದನ್ನು ಸಾಧಿಸಿದವರುಂಟು, ಯೆಹೂದಿಗಳು. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯ ಕೆಡವಿದ ಮೇಲೆ ಗುಡಿಯ ಜಾಗಕ್ಕೆ ಓದು ಬಂತು. ಅವರ ಮೂಲ ಧರ್ಮಗ್ರಂಥ ತೋರಾ, ವಾರಕ್ಕೊಂದು ಭಾಗದಂತೆ ವರ್ಷಕ್ಕೆ ಮುಗಿಯುತ್ತದೆ. ಚರ್ಚೆಗಳ ಗ್ರಂಥವಾದ ತಾಲ್ಮುದ್ ಹಾಗಲ್ಲ. ಗುರುಗಳ ವಾದ, ಪ್ರತಿವಾದ, ನಡುನಡುವೆ ಕಥೆ, ಮನೆಮದ್ದು ಕೂಡ! ಓದುವವರೂ ಬೇಕಾದ ಭಾಗ ಓದಿ ಉಳಿದದ್ದನ್ನು ಬಿಡುತ್ತಿದ್ದರು.

1923ರಲ್ಲಿ ವಿಯೆನ್ನಾದಲ್ಲಿ ಸೇರಿದ ಯೆಹೂದಿ ಸಮಾವೇಶದಲ್ಲಿ ಪೋಲೆಂಡಿನ ಗುರು, ರಬ್ಬಿ ಮೇಯರ್ ಶಪಿರೋ, ಆಗಿನ್ನೂ 36ರ ಪ್ರಾಯ, ಒಂದು ಹಡಗಿನ ಪ್ರಯಾಣ ಊಹಿಸಿಕೊಳ್ಳಿ ಎಂದರು. ಹಡಗಿನಲ್ಲಿ ದಿನಕ್ಕೊಂದು ಹಾಳೆ ಓದುತ್ತ ಅಮೆರಿಕ ಸೇರಿದವನು, ಅಲ್ಲಿನ ಪಾಠಶಾಲೆಗೆ ಹೊಕ್ಕರೆ ಅವರೂ ಅದೇ ಹಾಳೆಯಲ್ಲಿರುತ್ತಾರೆ! ಅದೇ ವರ್ಷದ ಸೆಪ್ಟೆಂಬರ್ 11ಕ್ಕೆ, ಯೆಹೂದಿ ಹೊಸ ವರ್ಷದಂದು, ‘ದಫ್ ಯೋಮಿ’ ಶುರುವಾಯಿತು. ಹಾಗೆಂದರೆ ದಿನದ ಹಾಳೆ. ಈಗಿನ ಲೆಕ್ಕಕ್ಕೆ 2,711 ಹಾಳೆ, ಸುಮಾರು ಏಳೂವರೆ ವರ್ಷ. 14ನೇ ಸುತ್ತು ಹಿಡಿದದ್ದು 2020ರ ಜನವರಿ 5ರಂದು.

ನನಗೆ ಹಿಡಿಸಿದ್ದು ಇದರ ಹಿಂದಿನ ಅಚ್ಚುಮನೆ. ಎಲ್ಲರ ಪುಸ್ತಕದಲ್ಲೂ ಹಾಳೆಯ ಸಂಖ್ಯೆ ಒಂದೇ ಇದ್ದರಲ್ಲವೇ ಇದು ಸಾಧ್ಯ? ಅದನ್ನು ಕಟ್ಟಿಕೊಟ್ಟವನು ವೆನಿಸ್‌ನ ಡೇನಿಯಲ್ ಬಾಂಬರ್ಗ್, ಕ್ರೈಸ್ತ ಮುದ್ರಕ, ಅದೂ 1520ರ ಆಸುಪಾಸಿನಲ್ಲಿ. ನಡುವೆ ಮೂಲ, ಒಳಬದಿಗೆ ರಾಶಿ ಎಂಬ ವ್ಯಾಖ್ಯಾನಕಾರರ ಟೀಕೆ, ಹೊರಬದಿಗೆ ಮುಂದಿನವರ ತಕರಾರು. ತಾಲ್ಮುದಿನ ಹೆಚ್ಚಿನ ಭಾಗಗಳು ಎರಡನೇ ಹಾಳೆಯಿಂದಲೇ ಶುರು; ಒಂದನೆಯದು ಇಲ್ಲವೇ ಇಲ್ಲ.

ಆ 1923ರಲ್ಲೇ ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚು ಹಾಕಿಸಿದರು. ಕಲ್ಯಾಣದಿಂದ ಚದುರಿದ ಶರಣರ ಮಾತು ತಾಳೆಗರಿಯಲ್ಲಿ ಉಳಿದಿತ್ತು. ಅದಕ್ಕೆ ಗುರುತು ಅಂಕಿತ, ಹಾಳೆಯ ಸಂಖ್ಯೆಯಲ್ಲ. ಕೂಡಲಸಂಗಮದೇವ ಎಂದರೆ ಬಸವಣ್ಣ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕಮಹಾದೇವಿ. ಯಾವುದಾದ ಮೇಲೆ ಯಾವುದು ಎಂಬ ಕಟ್ಟಳೆಯಿಲ್ಲ.

ನಾವೂ ಎಲ್ಲರೂ ದಿನಕ್ಕೊಂದೇ ವಚನ ಓದಿದರೆ ಹೇಗೆ ಎಂದು ಕಾಕಾನನ್ನು ಕೇಳಿದೆ. ಅವರು ಕನ್ನಡಕ ಏರಿಸಿಕೊಂಡು, ಗುರುತಿಗೆ ಹಳೆ ಬಸ್ ಟಿಕೆಟ್ ತುರುಕಿದ ಪುಸ್ತಕದಲ್ಲಿ ನಾಳೆಯದನ್ನು ಹುಡುಕುತ್ತಿದ್ದರು.

‘ಹಂಗಾದ್ರ ನಾ ಆರಿಸೋದೇನು?’ ಅಂದರು.