ಕಡಲಾಚೆಯ ಶನಿವಾರ, ಭಾನುವಾರ

ವ್ಯಾಪಾರದ ಮನೆತನಗಳಲ್ಲಿ ಹುಟ್ಟಿದ ನಮಗೆ ವಾರದ ರಜೆಯ ಪರಿಚಯ ಕಡಿಮೆ. ಚಿಲಮತ್ತೂರಿನಂಥ ಊರಿನಲ್ಲಿ ಅಂಗಡಿ ತೆರೆದರೆ ಭಾನುವಾರವೂ ಗಿರಾಕಿ ಬರುತ್ತಾನೆ. ಅಷ್ಟಮಿ, ಚತುರ್ದಶಿಗಳ ಲೆಕ್ಕವಿದ್ದಷ್ಟು ಶನಿವಾರ, ಭಾನುವಾರಗಳ ಲೆಕ್ಕ ನಮಗಿಲ್ಲ. ಸ್ನೇಹಿತರು ಅಂಗಡಿಯ ಜಗುಲಿಗೇ ಬರುತ್ತಾರೆ. ಬಂಧುಗಳನ್ನು ನೋಡಬೇಕೆಂದರೆ ಹಿಂದೂಪುರಕ್ಕೋ ಬಾಗೇಪಲ್ಲಿಗೋ ಬಸ್ಸು ಹತ್ತಿದರಾಯಿತು. ಆದುದರಿಂದಲೇ ಆಸ್ಟ್ರೇಲಿಯಾದಲ್ಲಿರುವ ಮಗನೋ ಮಗಳೋ "ಶನಿವಾರ ಸ್ನೇಹಿತರ ಮನೆ, ಭಾನುವಾರ ಪಾರ್ಕಿನಲ್ಲಿ ಊಟ" ಎಂದು ಫೋನಿನಲ್ಲಿ ಹೇಳಿದರೆ ಹೆತ್ತವರಿಗೆ ಸಂತೋಷಕ್ಕಿಂತ ಮೊದಲು ಆತಂಕವಾಗುತ್ತದೆ. ಅಲ್ಲಿ ಏನು ತಿಂದಿತೋ ಮಗು, ಯಾರ ಜೊತೆ ಕುಳಿತಿತೋ ಎಂಬ ಚಿಂತೆ.

ಈ ಆತಂಕ ಸಹಜ. ಆದರೆ ಆ ಎರಡು ದಿನಗಳು ಅಲ್ಲಿ ಬರೀ ಮೋಜಲ್ಲ ಎಂಬುದನ್ನೂ ನಾವು ತಿಳಿಯಬೇಕು. ಐದು ದಿನ ದುಡಿಮೆ. ಅಕ್ಕಪಕ್ಕದಲ್ಲಿ ಚಿಕ್ಕಪ್ಪನಿಲ್ಲ, ಅತ್ತೆಯಿಲ್ಲ, ಬೀಗರಿಲ್ಲ. ಜ್ವರ ಬಂದರೆ ಗಂಜಿ ತರುವವರು, ಹೆರಿಗೆಗೆ ಆಸ್ಪತ್ರೆಗೆ ಕರೆದೊಯ್ಯುವವರು ಈ ಸ್ನೇಹಿತರೇ. ನಾವು ನೆಂಟಸ್ತಿಕೆಯಲ್ಲಿ ಪಡೆದುದನ್ನು ಅವರು ಶನಿವಾರ, ಭಾನುವಾರಗಳಲ್ಲಿ ಸಂಪಾದಿಸಬೇಕು.

ಅಲ್ಲಿಯ ಕೂಟಗಳಿಗೆ ತಮ್ಮದೇ ರೀತಿ ಇದೆ. ಅನೇಕ ಉದ್ಯಾನಗಳಲ್ಲಿ ನಗರಸಭೆಯವರೇ ವಿದ್ಯುತ್ ಒಲೆಗಳನ್ನು ಇಟ್ಟಿರುತ್ತಾರೆ. ಕುಟುಂಬಗಳು ಸೇರಿ ಅಲ್ಲಿ ಅಡುಗೆ ಮಾಡುವುದಕ್ಕೆ 'ಬಾರ್ಬೆಕ್ಯೂ' ಎಂದು ಹೆಸರು. ಕರೆಯುವವರು "ಬ್ರಿಂಗ್ ಎ ಪ್ಲೇಟ್" ಎಂದರೆ ಖಾಲಿ ತಟ್ಟೆ ತರಬೇಕೆಂದಲ್ಲ, ಎಲ್ಲರೂ ಹಂಚಿಕೊಳ್ಳಲು ಒಂದು ತಿನಿಸು ತರಬೇಕೆಂದು ಅರ್ಥ.

ನಮ್ಮವರಿಗೆ ತೊಡಕು ಬರುವುದು ಆ ಒಲೆಯ ಬಳಿಯಲ್ಲೇ. ಅದೇ ಕಾವಲಿಯ ಮೇಲೆ ಮಾಂಸವೂ ಬೇಯುತ್ತದೆ. ಭಾರತೀಯರ ಮನೆಗೆ ಹೋದರೂ ಪಲ್ಯದಲ್ಲಿ ಈರುಳ್ಳಿ, ಆಲೂಗಡ್ಡೆ ಇರುತ್ತವೆ. ಮಕ್ಕಳ ಹುಟ್ಟುಹಬ್ಬದ ಮೆತ್ತನೆಯ ಮಿಠಾಯಿಗಳಲ್ಲಿ ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಜೆಲಾಟಿನ್ ಇರುವುದುಂಟು. ಹಾಗೆಂದು ಕೂಟವನ್ನೇ ಬಿಟ್ಟರೆ ಒಂಟಿತನ. ನಿಯಮವನ್ನು ಬಿಟ್ಟರೆ ಮನಸ್ಸಿಗೆ ಕಳವಳ. ಎರಡನ್ನೂ ಬಿಡದ ದಾರಿ ಇದೆ. ಕರೆದ ದಿನವೇ ತಮ್ಮ ಆಹಾರದ ನಿಯಮವನ್ನು ನಗುಮುಖದಿಂದ ಹೇಳಿಬಿಡುವುದು, ತಮ್ಮದೇ ಕಾವಲಿ, ಸೌಟು ಒಯ್ಯುವುದು, ಪೊಟ್ಟಣದ ಮೇಲಿನ ವಿವರ ಓದುವುದು. "ತಿನಿಸು ತನ್ನಿ" ಎಂಬ ಅಲ್ಲಿಯ ಪದ್ಧತಿಯಂತೂ ನಮಗೆ ವರವೇ ಸರಿ. ದೊಡ್ಡ ಪಾತ್ರೆಯ ತುಂಬ ಚಿತ್ರಾನ್ನವನ್ನೋ ಕೋಸಂಬರಿಯನ್ನೋ ಒಯ್ದರೆ ತಮಗೂ ಆಯಿತು, ಇತರರಿಗೂ ಆಯಿತು.

ಇನ್ನು ರಾತ್ರಿಭೋಜನ ತ್ಯಾಗದ ಮಾತು. ಚಿಲಮತ್ತೂರಿನಲ್ಲಿ ವರ್ಷವಿಡೀ ಸೂರ್ಯಾಸ್ತಕ್ಕೆ ಹೆಚ್ಚೆಂದರೆ ಒಂದು ಗಂಟೆಯ ಅಂತರ. ಮೆಲ್ಬರ್ನ್‌ನಲ್ಲಿ ಡಿಸೆಂಬರ್ ಕೊನೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ ಸುಮಾರು 8.40ಕ್ಕೆ, ಜೂನ್‌ನಲ್ಲಿ ಸಂಜೆ ಸುಮಾರು 5.10ಕ್ಕೆ. ಅಲ್ಲಿ ಋತುಗಳು ನಮಗೆ ತಿರುವುಮುರುವು. ನಮ್ಮ ಚಾತುರ್ಮಾಸ ಆರಂಭವಾಗುವಾಗ ಅಲ್ಲಿ ಚಳಿಗಾಲ, ಹಗಲು ಮೊಟಕು. ಬೇಸಗೆಯ ಸಂಜೆಯ ಕೂಟದಲ್ಲಿ ನಿಯಮ ಸುಲಭವಾಗಿ ನಡೆಯುತ್ತದೆ. ಚಳಿಗಾಲದಲ್ಲಿ ಸ್ನೇಹಿತರನ್ನು ಮಧ್ಯಾಹ್ನದ ಊಟಕ್ಕೆ ತಾವೇ ಕರೆಯುವುದು ಜಾಣತನ. ಆತಿಥೇಯರಾದವರಿಗೆ ಹೊತ್ತನ್ನು ನಿಶ್ಚಯಿಸುವ ಅಧಿಕಾರವೂ ಇರುತ್ತದಲ್ಲವೇ?

ಮೆಲ್ಬರ್ನ್‌ನ ಮೂರಬಿನ್ ಭಾಗದಲ್ಲಿ ಜೈನ ಮಂದಿರವಿದೆ. ಭಾನುವಾರ ಬೆಳಿಗ್ಗೆ ದರ್ಶನ, ಮಧ್ಯಾಹ್ನ ಸ್ನೇಹಿತರ ಒಡನಾಟ ಎಂದು ಹೊಂದಿಸಿಕೊಂಡರೆ ರಜೆ ಸಾರ್ಥಕ. ಮಂದಿರ ದೂರವಾದವರಿಗೆ ಮನೆಯಲ್ಲೇ ನಲವತ್ತೆಂಟು ನಿಮಿಷದ ಸಾಮಾಯಿಕವನ್ನು ಯಾರೂ ತಡೆಯರು.

ಊರಿನಲ್ಲಿರುವ ನಮಗೂ ಒಂದು ಕರ್ತವ್ಯವಿದೆ. ಈಗ ದೂರ ಕುಗ್ಗಿದೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ನಮ್ಮ ಕೊಡಿಕೊಂಡದ ಮೂಲಕ ಹಾದುಹೋಗುವ ಹೆದ್ದಾರಿಯ ಮೇಲೆಯೇ ಆರಂಭವಾಯಿತು. 2022ರ ಸೆಪ್ಟೆಂಬರ್‌ನಿಂದ ಅಲ್ಲಿಂದ ಸಿಡ್ನಿಗೆ ನೇರ ವಿಮಾನವೂ ಬಂತು. ಆದರೆ ಗಡಿಯಾರದ ಅಂತರ ಕುಗ್ಗಿಲ್ಲ. ಸಿಡ್ನಿ, ಮೆಲ್ಬರ್ನ್‌ಗಳು ನಮಗಿಂತ ನಾಲ್ಕೂವರೆ ಗಂಟೆ ಮುಂದೆ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಐದೂವರೆ ಗಂಟೆ. ರಾತ್ರಿ ಒಂಬತ್ತಕ್ಕೆ ಗಲ್ಲಾ ಎಣಿಸಿ ಫೋನ್ ಮಾಡಿದರೆ ಅಲ್ಲಿ ಮಧ್ಯರಾತ್ರಿ ಕಳೆದಿರುತ್ತದೆ. ಭಾನುವಾರ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ, ಏಳು ಗಂಟೆಗೆ ಮಾತಾಡಿ. ಅವರಿಗೆ ಆಗ ಮಧ್ಯಾಹ್ನದ ಹೊತ್ತು.

ಮಾತಾಡುವಾಗ "ಏನು ತಿಂದೆ?" ಎಂದು ಪಾಟೀಸವಾಲಿಗೆ ಇಳಿಯದೆ "ಯಾರು ಯಾರು ಬಂದಿದ್ದರು? ಏನು ಮಾಡಿ ಒಯ್ದೆ?" ಎಂದು ಕೇಳೋಣ. ಬೈಗುಳಕ್ಕೆ ಅಂಜಿದ ಮಕ್ಕಳು ನಡೆದದ್ದನ್ನು ಮುಚ್ಚಿಡುತ್ತಾರೆ. ಪ್ರೀತಿಯಿಂದ ಕೇಳಿದರೆ ಎಲ್ಲವನ್ನೂ ಹೇಳುತ್ತಾರೆ. ಈರುಳ್ಳಿ ಹಾಕದ ಸಾರಿನ ಹದವನ್ನು ಅಜ್ಜಿಯಿಂದಲೇ ಫೋನಿನಲ್ಲಿ ಹೇಳಿಸಿದರೆ ಅದು ಹತ್ತು ಉಪದೇಶಗಳಿಗೆ ಸಮ. ಆ ಸಾರನ್ನು ಉಂಡ ಪರದೇಶದ ಗೆಳೆಯನಿಗೂ ಅಹಿಂಸೆಯ ರುಚಿ ಒಂದಿಷ್ಟು ತಿಳಿದೀತು.