ನಾಡನ್ನು ತೂಗುವ ತಕ್ಕಡಿ

ವಾಡಿಯ ರೈಲು ನಿಲ್ದಾಣದಲ್ಲಿ ಅರ್ಧ ಗಂಟೆ ಕುಳಿತವರಿಗೆ ಸರಕುಬಂಡಿಗಳ ಸಾಲು ಕಣ್ಣಿಗೆ ಬೀಳದೆ ಇರದು. ಮುಂಬಯಿ–ಚೆನ್ನೈ ಮಾರ್ಗದಿಂದ ಹೈದರಾಬಾದಿನ ಕಡೆಗೆ ಹಾದಿ ಕವಲೊಡೆಯುವುದು ಇಲ್ಲಿಯೇ. ಆ ಕವಲು 1874ರಷ್ಟು ಹಳೆಯದು. ಒಳಗೆ ಬರುವ ಬಂಡಿಗಳಲ್ಲಿ ಕಲ್ಲಿದ್ದಲು, ಹೊರಗೆ ಹೋಗುವ ಬಂಡಿಗಳಲ್ಲಿ ಸಿಮೆಂಟು. ಇವುಗಳ ಬೆಲೆಯನ್ನು ಲೆಕ್ಕವಿಡುವವರು ಅನೇಕರಿದ್ದಾರೆ. ಇವುಗಳ ತೂಕವನ್ನು ಲೆಕ್ಕವಿಟ್ಟರೆ ಏನು ತಿಳಿಯುತ್ತದೆ?

ನಮ್ಮ ಮನೆಗಳ ಹಿರಿಯ ಹೆಂಗಸರು ಈ ವಿದ್ಯೆಯನ್ನು ಬಲ್ಲರು. ಹೊಲದಿಂದ ಬಂದ ಜೋಳವೆಷ್ಟು, ಸಂತೆಯಿಂದ ತಂದುದೆಷ್ಟು, ಮಾರಿದುದೆಷ್ಟು ಎಂಬುದನ್ನು ಅವರು ಮನಸ್ಸಿನಲ್ಲಿಯೇ ಕೂಡಿ ಕಳೆಯುತ್ತಾರೆ. ರಾಷ್ಟ್ರದ ಲೆಕ್ಕವೂ ಇದೇ ಬಗೆಯದು. ನಾಡಿನೊಳಗೆ ಅಗೆದು, ಕೊಯ್ದು ತೆಗೆದ ವಸ್ತುಗಳಿಗೆ ಆಮದನ್ನು ಕೂಡಿಸಿ, ರಫ್ತನ್ನು ಕಳೆದರೆ ಉಳಿಯುವುದೇ ದೇಶದ ವಸ್ತುಬಳಕೆ. ಬೆಳೆ ಮತ್ತು ಕಟ್ಟಿಗೆ, ಕಲ್ಲಿದ್ದಲು ಮತ್ತು ತೈಲ, ಲೋಹದ ಅದಿರು, ಕಲ್ಲು ಮರಳು ಸುಣ್ಣ ಎಂಬ ನಾಲ್ಕು ವರ್ಗಗಳಲ್ಲಿ ಎಲ್ಲವನ್ನೂ ಟನ್ನುಗಳಲ್ಲಿ ಬರೆಯುತ್ತಾರೆ. ವಿಶ್ವಸಂಸ್ಥೆಯ ಸಂಪನ್ಮೂಲ ಮಂಡಳಿಯು 2019ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಜಗತ್ತು 1970ರಲ್ಲಿ ಸುಮಾರು 2,700 ಕೋಟಿ ಟನ್ ವಸ್ತುಗಳನ್ನು ಭೂಮಿಯಿಂದ ಪಡೆಯುತ್ತಿತ್ತು. 2017ರಲ್ಲಿ ಅದು 9,200 ಕೋಟಿ ಟನ್ನಿಗೆ ಏರಿತು. ಅಷ್ಟರಲ್ಲಿ ಜನಸಂಖ್ಯೆ ಹೆಚ್ಚಿದ್ದು ಎರಡು ಪಟ್ಟು ಮಾತ್ರ.

ಈ ಲೆಕ್ಕದ ಒಳಮರ್ಮವನ್ನು ಅರಿಯಲು ಕಲಬುರಗಿ ಜಿಲ್ಲೆಗಿಂತ ಒಳ್ಳೆಯ ಪಾಠಶಾಲೆಯಿಲ್ಲ. ಸೇಡಂ, ಚಿತ್ತಾಪುರ, ಶಹಾಬಾದ್ ಸೀಮೆಯ ನೆಲದಡಿಯಲ್ಲಿ, ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರತಳದಲ್ಲಿ ಪದರಪದರವಾಗಿ ಕೂಡಿದ ಸುಣ್ಣಕಲ್ಲು ಹಾಸಿಕೊಂಡಿದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಬಳಿಯಲ್ಲಿಯೂ ಇಂದು ಸಿಮೆಂಟಿನ ಗೂಡುಗಳು ಉರಿಯುತ್ತಿವೆ. ಒಂದು ಟನ್ ಸಾಮಾನ್ಯ ಸಿಮೆಂಟಿಗೆ ಸುಮಾರು ಒಂದೂವರೆ ಟನ್ ಸುಣ್ಣಕಲ್ಲು ಬೇಕು. ಮಿಕ್ಕ ಅರ್ಧ ಟನ್ ಎಲ್ಲಿ ಹೋಯಿತು? ಶುದ್ಧ ಸುಣ್ಣಕಲ್ಲನ್ನು 100 ಕಿಲೋ ಸುಟ್ಟರೆ 56 ಕಿಲೋ ಸುಣ್ಣ ಉಳಿದು, 44 ಕಿಲೋ ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರುತ್ತದೆ. ಕಲ್ಲಿದ್ದಲಿನ ಹೊಗೆ ಇದಕ್ಕೆ ಹೊರತಾದುದು.

ಇನ್ನು ಸೇಡಮ್ಮನ್ನು ಒಂದು ದೇಶವೆಂದು ಭಾವಿಸಿರಿ. ಕಲ್ಲಿದ್ದಲನ್ನು ಸದ್ಯಕ್ಕೆ ಬದಿಗಿಟ್ಟು ನೋಡಿದರೆ, ಅಗೆದದ್ದು ಒಂದೂವರೆ ಟನ್, ರಫ್ತು ಒಂದು ಟನ್. ಉಳಿದ ಅರ್ಧ ಟನ್ ಸೇಡಮ್ಮಿನ ಬಳಕೆಯೆಂದು ಪಟ್ಟಿಯಲ್ಲಿ ದಾಖಲಾಗುತ್ತದೆ! ಮನೆ ಎದ್ದದ್ದು ದೂರದ ಮಹಾನಗರದಲ್ಲಿ. ಗುಣಿ ಉಳಿದದ್ದು, ಬಳಕೆಯ ಹೆಸರು ಹೊತ್ತದ್ದು ಇಲ್ಲಿ. ಈ ಅನ್ಯಾಯವನ್ನು ಸರಿಪಡಿಸಲೆಂದೇ 'ವಸ್ತು ಹೆಜ್ಜೆಗುರುತು' ಎಂಬ ಎರಡನೆಯ ಲೆಕ್ಕವನ್ನು ತಂದರು. ಅದರಲ್ಲಿ ಒಂದೂವರೆ ಟನ್ನೂ ಮನೆ ಕಟ್ಟಿಸಿದವನ ಹೆಸರಿಗೆ ಸೇರುತ್ತದೆ. ಸಿರಿವಂತ ದೇಶಗಳ ಮಿತವ್ಯಯದ ಮಾತನ್ನು ಒಪ್ಪುವ ಮೊದಲು ಈ ಎರಡನೆಯ ಪಟ್ಟಿಯನ್ನು ನೋಡಬೇಕೆಂಬುದು ನನ್ನ ಅಭಿಪ್ರಾಯ.

ಶಹಾಬಾದಿನ ಹಾಸುಗಲ್ಲಿನ ಕಥೆ ಬೇರೆ. ಅದು ತನ್ನಷ್ಟಕ್ಕೇ ಹಲಗೆಯಂತೆ ಏಳುತ್ತದೆ. ಗೂಡು ಬೇಡ, ಬೆಂಕಿ ಬೇಡ. ಹಳೆಯ ಮನೆ ಕೆಡವಿದಾಗ ಅದೇ ಕಲ್ಲನ್ನು ಎಬ್ಬಿಸಿ ಹೊಸ ಮನೆಗೆ ಹಾಸಬಹುದು. ಆದರೆ ಗಣಿಯ ಅಂಚಿನಲ್ಲಿ ಬಿದ್ದಿರುವ ಒಡಕುಕಲ್ಲಿನ ಗುಡ್ಡೆಗಳನ್ನು ನೋಡಿದವರು ಹಿಗ್ಗಲಾರರು. ಅಗೆದು ಬಳಸದೆ ಎಸೆದ ಮಣ್ಣು-ಕಲ್ಲುಗಳು ಮುಖ್ಯ ಪಟ್ಟಿಗೆ ಸೇರುವುದೇ ಇಲ್ಲ.

ತೂಕಕ್ಕೂ ಮಿತಿಯಿದೆ. ಒಂದು ಟನ್ ಮರಳೂ ಒಂದು ಟನ್ ಪಾದರಸವೂ ತಕ್ಕಡಿಗೆ ಸಮಾನ, ಕೆರೆಗೆ ಸಮಾನವಲ್ಲ. ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು; ಅಲ್ಲಿ ಕಡಿಯದೆ ಉಳಿದ ಮರಕ್ಕೆ ಈ ಪಟ್ಟಿಯಲ್ಲಿ ಸೊನ್ನೆ. ತೊಗರಿಯ ಹೊಲ ಗಣಿಯಾದರೆ ಕ್ವಿಂಟಲುಗಳ ಜಾಗದಲ್ಲಿ ಸಾವಿರಾರು ಟನ್ನುಗಳು ಬಂದು ಕೂಡುತ್ತವೆ. ತೊಗರಿ ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ, ಸುಣ್ಣಕಲ್ಲು ಚಿಗುರದು ಎಂಬುದು ಆ ಮೊತ್ತದಲ್ಲಿ ಕಾಣಿಸದು.

ಆದುದರಿಂದಲೇ, 2012ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಪರಿಸರ ಲೆಕ್ಕಪದ್ಧತಿಯಲ್ಲಿ ಇನ್ನೊಂದು ಪಟ್ಟಿಯಿದೆ: ವರ್ಷಾರಂಭದ ನಿಕ್ಷೇಪ, ಅಗೆದದ್ದು, ಹೊಸದಾಗಿ ಕಂಡುಕೊಂಡದ್ದು, ವರ್ಷಾಂತ್ಯದ ನಿಕ್ಷೇಪ. ಉಳಿದ ಕಲ್ಲನ್ನು ವಾರ್ಷಿಕ ಅಗೆತದಿಂದ ಭಾಗಿಸಿದರೆ ಇನ್ನೆಷ್ಟು ವರ್ಷವೆಂಬುದು ದೊರೆಯುತ್ತದೆ. ಹಾರುಬೂದಿಯನ್ನೋ ಉಕ್ಕಿನ ಕಾರ್ಖಾನೆಯ ಕಿಟ್ಟವನ್ನೋ ಬೆರೆಸಿದ ಸಿಮೆಂಟಿಗೆ ಸುಣ್ಣಕಲ್ಲು ಕಡಿಮೆ ಸಾಕು. ಆಗ ಆ ವರ್ಷಗಳು ಹೆಚ್ಚುತ್ತವೆ. ಬೇಡಿಕೆಯೇ ವರ್ಷವರ್ಷಕ್ಕೂ ಬೆಳೆದರೆ ಭಾಜಕವೂ ಬೆಳೆಯುತ್ತದೆ, ಮೊದಲು ಎಣಿಸಿದ ವರ್ಷಗಳು ಅಷ್ಟು ಕಾಲ ಬಾಳುವುದಿಲ್ಲ.