ಮಕ್ಕಳೊಡನೆ ಬೆಟ್ಟದ ದಾರಿ

ಬೇಸಗೆಯ ರಜೆ ಬಂದಿತೆಂದರೆ ಮಕ್ಕಳಿಗೆ ಹಬ್ಬ, ಹಿರಿಯರಿಗೆ ಚಿಂತೆ. ಹಗಲೆಲ್ಲ ಮನೆಯಲ್ಲಿಯೇ ಕೂಡಿಹಾಕಿದರೆ ಒಬ್ಬರ ಮೇಲೊಬ್ಬರು ಬಿದ್ದು ಜಗಳವಾಡುವರು; ಇಲ್ಲವೆ ಈ ಕಾಲದ ರೂಢಿಯಂತೆ ಮೊಬೈಲು ಹಿಡಿದು ಮೂಲೆ ಸೇರುವರು. ಇಂಥ ದಿನಗಳಲ್ಲಿ ಬುತ್ತಿ ಕಟ್ಟಿಕೊಂಡು ಸಮೀಪದ ಬೆಟ್ಟವೊಂದನ್ನು ಕಾಲ್ನಡಿಗೆಯಿಂದ ಹತ್ತಿ ಸಂಜೆಗೆ ಮನೆ ಸೇರುವುದು ಅಲ್ಪ ವೆಚ್ಚದ ಉತ್ತಮ ವಿನೋದವೆಂಬುದರಲ್ಲಿ ಸಂದೇಹವಿಲ್ಲ. ನಮ್ಮ ಅಜ್ಜಿಯರು ಹರಕೆ ಹೊತ್ತು ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಶಿವಗಂಗೆಯನ್ನೂ ಚಾಮುಂಡಿಯ ಬೆಟ್ಟವನ್ನೂ ಹತ್ತಿದವರೇ ಅಲ್ಲವೆ? ಆದರೆ ಮಕ್ಕಳೊಡನೆ ಬೆಟ್ಟ ಹತ್ತುವವರು ಮಗುವಿನ ಹೆಜ್ಜೆಯನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬೇಕು, ಬೆಟ್ಟದ ನೆತ್ತಿಯನ್ನಲ್ಲ. ಈ ಸಣ್ಣ ಮಾತನ್ನು ನಾವು ನಮ್ಮ ತಪ್ಪಿನಿಂದಲೇ ಕಲಿತೆವಾದುದರಿಂದ, ಅದನ್ನು ವಾಚಕರ ಮುಂದಿಡಲು ಸಂಕೋಚಪಡುವುದಿಲ್ಲ.

ಬೆಂಗಳೂರಿಗೆ ಉತ್ತರದಲ್ಲಿ ಸುಮಾರು 60 ಕಿಲೋಮೀಟರು ದೂರದಲ್ಲಿರುವ ನಂದಿಬೆಟ್ಟವನ್ನು ಅರಿಯದವರು ವಿರಳ. ಸಮುದ್ರಮಟ್ಟದಿಂದ ಅದರ ಎತ್ತರ 1,478 ಮೀಟರು. ಬೆಂಗಳೂರಿನದು ಸುಮಾರು 920. ಎತ್ತರವು ಸಾವಿರ ಮೀಟರಿನಷ್ಟು ಹೆಚ್ಚಿದರೆ ಗಾಳಿಯ ಉಷ್ಣತೆ ಸಾಧಾರಣವಾಗಿ ಆರೂವರೆ ಡಿಗ್ರಿ ತಗ್ಗುವುದರಿಂದ, ಬೆಟ್ಟದ ನೆತ್ತಿಯು ನಗರಕ್ಕಿಂತ ಮೂರು ನಾಲ್ಕು ಡಿಗ್ರಿ ತಂಪಾಗಿರುತ್ತದೆ. ಮೇಲಿನವರೆಗೆ ಮೋಟಾರು ರಸ್ತೆಯಿದೆ. ಬಹುಜನರು ಅದರಲ್ಲಿಯೇ ಹೋಗಿಬರುವರು. ನಡೆಯಬಯಸುವವರಿಗೆ ಬುಡದ ಸುಲ್ತಾನ್‌ಪೇಟೆಯಿಂದ 1,175 ಮೆಟ್ಟಿಲುಗಳ ಹಳೆಯ ದಾರಿಯುಂಟು. ಹೊರಡುವ ಮುನ್ನ ಅದು ತೆರೆದಿರುವುದೇ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಹಿಂದಿನ ವರ್ಷ ಏಪ್ರಿಲ್ ತಿಂಗಳಿನ ಒಂದು ಭಾನುವಾರ ನಾವೂ ನಮ್ಮ ಗೃಹಿಣಿಯೂ, ಹತ್ತು ವರ್ಷದ ಮಗಳೂ ಆರು ವರ್ಷದ ಮಗನೂ ಈ ದಾರಿಯನ್ನು ಹಿಡಿದೆವು. ಬೆಟ್ಟವು ತಂಪಿನ ಸ್ಥಳವೆಂಬ ಭರವಸೆಯಿಂದ ಅವಸರಪಡದೆ ತಿಂಡಿ ಮುಗಿಸಿ ಹೊರಟು, ಮೊದಲ ಮೆಟ್ಟಿಲು ತುಳಿಯುವಾಗ ಹತ್ತು ಗಂಟೆ ಮೀರಿದ್ದಿತು. ತಂಪು ನೆತ್ತಿಗೆ ಸೇರಿದ್ದು. ದಾರಿಯ ಬಂಡೆಗಳೋ ಆಗಲೇ ಕಾದ ಹೆಂಚಿನಂತಾಗಿದ್ದವು. ಮೊದಲು ಕುಣಿಯುತ್ತ ಮುಂದೆ ಓಡಿದ ಹುಡುಗನು ಅರ್ಧದಾರಿ ಕಳೆದ ಮೇಲೆ ಮಾತನ್ನು ನಿಲ್ಲಿಸಿದನು. ಹಟ ಬಿಟ್ಟು ಶಾಂತನಾದನೆಂದು ನಾವು ಸಂತೋಷಪಟ್ಟೆವು! ಬಳಿಕ ತಲೆನೋವೆಂದನು. ಇನ್ನು ಸ್ವಲ್ಪವೇ ಉಳಿದಿದೆಯೆಂದು ಹುರಿದುಂಬಿಸಿದೆವು. ಕಡೆಗೆ ಒಂದು ತಿರುವಿನಲ್ಲಿ ಕುಳಿತು ವಾಂತಿ ಮಾಡಿಕೊಂಡನು.

ಆಗಲೂ ನಮ್ಮ ಕಣ್ಣು ಮೇಲಿನ ಕೋಟೆಯ ಗೋಡೆಯ ಮೇಲೆಯೇ ಇದ್ದಿತೆಂದು ಹೇಳಲು ನಾಚಿಕೆಯಾಗುತ್ತದೆ. ಸೌದೆ ಹೊರೆ ಹೊತ್ತು ಇಳಿದುಬರುತ್ತಿದ್ದ ಮುದುಕಿಯೊಬ್ಬಳು ನಿಂತು, ಹುಡುಗನ ಮುಖ ನೋಡಿ, “ಬೆಟ್ಟ ಎಲ್ಲೂ ಓಡೋಗಲ್ಲ ಸ್ವಾಮಿ. ಮೊದ್ಲು ಮಗೀನ ನೆಳ್ಳಿಗೆ ಕರ್ಕೊಳ್ಳಿ” ಎಂದಳು. ನೆರಳಿಗೆ ಎತ್ತಿಕೊಂಡು ಹೋಗಿ ಮಲಗಿಸಿ, ಅಂಗಿ ಸಡಿಲಿಸಿ, ಒದ್ದೆಬಟ್ಟೆಯಿಂದ ಕತ್ತು ಕಂಕುಳುಗಳನ್ನು ಒರೆಸಿ, ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದೆವು. ಅರ್ಧ ಗಂಟೆಯಲ್ಲಿ ಚೇತರಿಸಿಕೊಂಡನು. ಹೊತ್ತುಕೊಂಡೇ ಇಳಿದೆವು. ಅಂದಿನ ರಾತ್ರಿ ಹಾಸಿಗೆಯಲ್ಲಿ ಅವನು ಮೆಲ್ಲನೆ, “ಅಪ್ಪ, ನಾನು ಸೋತೆನೆ?” ಎಂದು ಕೇಳಿದನು. ಬಿಸಿಲಿಗಿಂತಲೂ ಹೆಚ್ಚಾಗಿ ನಮ್ಮನ್ನು ಸುಟ್ಟದ್ದು ಆ ಮಾತು.

ಮಕ್ಕಳು ಬೇಗ ಬಳಲುವುದಕ್ಕೆ ಕಾರಣವಿದೆ. ತೂಕಕ್ಕೆ ಹೋಲಿಸಿದರೆ ಅವರ ಮೈಯ ಹೊರಭಾಗದ ವಿಸ್ತಾರ ಹಿರಿಯರದಕ್ಕಿಂತ ಹೆಚ್ಚು. ಆದುದರಿಂದ ಸುತ್ತಲಿನ ಬಿಸಿಯನ್ನು ಬೇಗ ಹೀರಿಕೊಳ್ಳುವರು. ಬೆವರುವುದು ಕಡಿಮೆಯಾದುದರಿಂದ ಆ ಬಿಸಿಯನ್ನು ಹೊರಗೆಡಹುವುದೂ ಕಷ್ಟ. ಆಟದ ಉತ್ಸಾಹದಲ್ಲಿ ಬಾಯಾರಿಕೆಯನ್ನೇ ಮರೆಯುವರು. ಮಾತಾಳಿ ಮಗುವು ಮೌನವಾದರೆ, ಕಾರಣವಿಲ್ಲದೆ ಸಿಡುಕಿದರೆ, ಹೆಜ್ಜೆ ತೊಡರಿದರೆ, ತಲೆನೋವೆಂದರೆ ಅಲ್ಲಿಗೆ ಆ ದಿನದ ಏರುವಿಕೆ ಮುಗಿಯಿತೆಂದೇ ತಿಳಿಯತಕ್ಕದ್ದು. ನೆರಳು, ನೀರು, ವಿಶ್ರಾಂತಿಗಳಿಂದ ಬೇಗನೆ ಸುಧಾರಿಸದಿದ್ದರೂ, ಮಾತು ತೊದಲಿದರೂ, ಎಚ್ಚರ ತಪ್ಪಿದರೂ ಮೈಯನ್ನು ತಂಪುಮಾಡುತ್ತಲೇ ತಡಮಾಡದೆ ವೈದ್ಯರ ಬಳಿಗೆ ಒಯ್ಯಬೇಕು. ಎಚ್ಚರವಿಲ್ಲದ ಮಗುವಿನ ಬಾಯಿಗೆ ನೀರು ಹಾಕಲೇಬಾರದು.

ಇನ್ನು ಸಿದ್ಧತೆಯ ವಿಷಯ. ಬೆಳಕು ಹರಿಯುವಾಗಲೇ ಮೊದಲ ಮೆಟ್ಟಿಲಿನಲ್ಲಿ ಇರಬೇಕು. ಬಿಸಿಲೇರುವ ಮೊದಲೇ ಇಳಿದುಬಿಡಬೇಕು. ಇದಕ್ಕೆ ಮತ್ತೊಂದು ಕಾರಣವೂ ಉಂಟು. ಏಪ್ರಿಲ್ ಮೇ ತಿಂಗಳುಗಳಲ್ಲಿ ನಮ್ಮ ಸೀಮೆಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲುಗಳ ಮಳೆ ಬರುವುದು ಸಾಮಾನ್ಯ. ಬೋಳುಬಂಡೆಯ ಮೇಲಾಗಲಿ ಒಂಟಿಮರದ ಕೆಳಗಾಗಲಿ ಸಿಡಿಲಿಗೆ ಸಿಕ್ಕುವುದು ಪ್ರಾಣಾಪಾಯ. ಮಿಂಚು ಕಂಡೊಡನೆ ಮಕ್ಕಳಿಂದ ಎಣಿಸಿರಿ. ಶಬ್ದವು ಒಂದು ಕಿಲೋಮೀಟರು ಬರಲು ಸುಮಾರು ಮೂರು ಸೆಕೆಂಡು ಬೇಕು. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೆ ಇದೆಯೆಂದು ತಿಳಿದು ಭದ್ರವಾದ ಕಟ್ಟಡವನ್ನು ಸೇರಿ, ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಕಾಯಬೇಕು.

ಕಾಲು ಗಂಟೆಗೊಮ್ಮೆ, ಕೇಳಲಿ ಬಿಡಲಿ, ಮಕ್ಕಳಿಗೆ ನೀರು ಕೊಡಬೇಕು. ಒಂದು ಲೀಟರು ಶುದ್ಧವಾದ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಒಂದು ಸೀಸೆಯಲ್ಲಿ ಒಯ್ಯಿರಿ. ರಾಮನವಮಿಯಂದು ಪಾನಕ ನೀರುಮಜ್ಜಿಗೆಗಳನ್ನು ಹಂಚುವ ನಮ್ಮ ಹಿರಿಯರು ಬೇಸಗೆಯ ಮರ್ಮವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಬುತ್ತಿಗೆ ಹುಳಿಯನ್ನ, ಚಪಾತಿ, ಸೌತೆಕಾಯಿಗಳು ಸಾಕು. ಎಲ್ಲವೂ ಮುಚ್ಚಿದ ಚೀಲದಲ್ಲಿರಲಿ; ಕೈಯಲ್ಲಿ ತಿಂಡಿ ಕಂಡರೆ ನಂದಿಯ ಕೋತಿಗಳು ಬಿಡುವುದಿಲ್ಲ. ಹೆಬ್ಬಂಡೆಗಳಲ್ಲಿ ಹೆಜ್ಜೇನು ಕಟ್ಟುವುದರಿಂದ ಕಲ್ಲೆಸೆಯುವುದೂ ಬೆಂಕಿ ಹಚ್ಚುವುದೂ ಕೂಡದು. ಮಗುವಿನ ಬೆನ್ನಿಗೆ ಅದರ ತೂಕದ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಹೊರೆ ಬೇಡ. ಇಳಿಯುವಾಗ ದಣಿದ ಕಾಲು ಬೇಗ ಜಾರುವುದರಿಂದ, ಮಕ್ಕಳ ಶಕ್ತಿಯಲ್ಲಿ ಅರ್ಧವನ್ನು ಇಳಿಯುವುದಕ್ಕೆಂದೇ ಉಳಿಸಿಕೊಳ್ಳಬೇಕು.

ವಿಶ್ರಾಂತಿಗೆ ಕುಳಿತಾಗ ಹೇಳಲು ಕತೆಗಳಿಗೇನೂ ಕೊರತೆಯಿಲ್ಲ. ಈ ಬೆಟ್ಟದ ಸೀಮೆಯಲ್ಲಿ ಹುಟ್ಟುವ ಅರ್ಕಾವತಿಯು ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಬುಡದ ಹಳ್ಳಿಯಲ್ಲಿ ಭೋಗನಂದೀಶ್ವರನೂ ನೆತ್ತಿಯಲ್ಲಿ ಯೋಗನಂದೀಶ್ವರನೂ ನೆಲಸಿದ್ದಾರೆ. ಟಿಪ್ಪುವಿನ ಕೈಯಲ್ಲಿದ್ದ ಮೇಲಿನ ಕೋಟೆಯನ್ನು 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲೀಸನ ಸೈನ್ಯವು ಹಿಡಿಯಿತು. 1927ರಲ್ಲಿ ಅಸ್ವಸ್ಥರಾಗಿದ್ದ ಗಾಂಧೀಜಿಯವರು ವಿಶ್ರಾಂತಿಗಾಗಿ ತಂಗಿದ್ದುದೂ ಇಲ್ಲಿಯೇ. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿಯು ಈ ಬೆಟ್ಟಸಾಲಿನ ಮಡಿಲಲ್ಲಿದೆ.

ಈ ವರ್ಷ ನಾವು ಪುನಃ ಹೊರಟೆವು. ಹಿಂದಿನ ರಾತ್ರಿ ಚಿಕ್ಕಬಳ್ಳಾಪುರದ ನೆಂಟರ ಮನೆಯಲ್ಲಿ ಉಳಿದು, ಹಕ್ಕಿಗಳು ಏಳುವ ಹೊತ್ತಿಗೆ ಮೆಟ್ಟಿಲುಗಳ ಬಳಿ ಇದ್ದೆವು. ಮಗನೇ ಮುಂದಾಳು, ಅವನು ನಿಂತಲ್ಲಿ ಎಲ್ಲರೂ ನಿಲ್ಲತಕ್ಕದ್ದೆಂದು ಮೊದಲೇ ಗೊತ್ತುಮಾಡಿದ್ದೆವು. ಗಟ್ಟಿಯಾಗಿ ಮೆಟ್ಟಿಲುಗಳನ್ನು ಎಣಿಸುತ್ತ ಏರಿದ ಅವನು 640ನೆಯದರ ಮೇಲೆ ಕುಳಿತು, ನಮ್ಮ ಮುಖವನ್ನೇ ಪರೀಕ್ಷಿಸುತ್ತ, “ಅಪ್ಪ, ಇವತ್ತಿಗೆ ಇಷ್ಟು ಸಾಕೆ?” ಎಂದನು. “ಧಾರಾಳವಾಗಿ ಸಾಕು ಮಗು” ಎಂದೆವು. ಮಗಳಿಗೆ ಮಾತ್ರ ಮೇಲಕ್ಕೆ ಹೋಗುವ ಆಸೆ. ಅವಳ ಕಾಲಿಗೆ ಶಕ್ತಿಯೂ ಇದ್ದಿತು. ಗೃಹಿಣಿಯು ಅವಳೊಡನೆ ಮುಂದೆ ನಡೆದಳು. ನಾವು ಮಗನೊಡನೆ ನೆರಳಿನಲ್ಲಿ ಉಳಿದೆವು. ಇಬ್ಬರು ಮಕ್ಕಳ ಶಕ್ತಿ ಬೇರೆಬೇರೆಯಾಗಿರುವಲ್ಲಿ ಹಿರಿಯರಿಬ್ಬರು ಹೀಗೆ ಹಂಚಿಕೊಳ್ಳುವುದೇ ಸರಿಯಾದ ಉಪಾಯ.

ಮೇಲಿನಿಂದ ಮರಳಿದ ಮಗಳು ಅಮೃತ ಸರೋವರದ ಸುದ್ದಿಯನ್ನು ತಂದಳು. ಹುಡುಗನ ಬಳಿಯೂ ಸುದ್ದಿಯಿದ್ದಿತು: ಎದುರಿನ ಬಂಡೆಯ ಮೇಲೆ ಕೆಂಪು ಬೆನ್ನಿನ ಓತಿಕ್ಯಾತವೊಂದು ತಲೆಯಾಡಿಸುತ್ತ ಕುಳಿತಿದ್ದುದನ್ನೂ, ಅದು ಇರುವೆಯನ್ನು ಹಿಡಿದ ಬಗೆಯನ್ನೂ ಅಕ್ಕನಿಗೆ ಅಭಿನಯಿಸಿ ತೋರಿಸಿದನು. ಬುತ್ತಿ ಬಿಚ್ಚಿ ಉಂಡು, ಎಂಜಲು ಕಾಗದಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು, ಬಿಸಿಲು ಬಲಿಯುವ ಮುನ್ನ ಇಳಿದೆವು.

ಆ ರಾತ್ರಿ ಹುಡುಗನು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಬೆಳಿಗ್ಗೆ ಎದ್ದು ನೋಡಿದಾಗ ಗೋಡೆಯ ಪಂಚಾಂಗದ ಅಂಚಿನಲ್ಲಿ ಪೆನ್ಸಿಲಿನಿಂದ ಲೆಕ್ಕವೊಂದನ್ನು ಮಾಡಿದ್ದನು. 1,175ರಲ್ಲಿ 640 ಕಳೆದರೆ 535. ಅದರ ಕೆಳಗೆ ಸೊಟ್ಟ ಅಕ್ಷರಗಳಲ್ಲಿ “ಬರುವ ಬೇಸಗೆಗೆ” ಎಂದು ಬರೆದಿದ್ದನು.